ಮನೆ ಎದ್ದ ಮೇಲೆ ಬಂದ ನಕಾಶೆ

ಸುಲೇಪೇಟದಲ್ಲಿ ಮನೆ ಕಟ್ಟಿಸಲು ಸೇಡಂನ ಎಂಜಿನಿಯರಿಗೆ ನಕಾಶೆಯ ಫೀಸು ಮೊದಲೇ ಕೊಟ್ಟಿದ್ದೆ. ಫೋನ್ ಮಾಡಿದಾಗಲೆಲ್ಲ ಅವರದು ಒಂದೇ ಮಾತು: “ಮಾಡಾಕತ್ತೀನ್ರಿ.” ಕಾದು ಕಾದು ಸಾಕಾಗಿ, ಮೇಸ್ತ್ರಿಗೆ ನಾನೇ ಬಾಯಲ್ಲಿ ಹೇಳಿ ಗೋಡೆ ಎಬ್ಬಿಸಿಬಿಟ್ಟೆ. ಆ ಅವಸರದಲ್ಲಿ ಅಡುಗೆಮನೆಯ ಕಿಟಕಿ ಪಕ್ಕದ ಮನೆಯ ಗೋಡೆಗೆ ಮುಖ ಮಾಡಿ ನಿಂತಿತು.

ಸ್ಲ್ಯಾಬ್ ಹಾಕಿಸಿದ ಮೇಲೆ ಎಂಜಿನಿಯರು ಟೇಪು ಹಿಡಿದು ಬಂದರು, ಮನೆಯೆಲ್ಲ ಅಳೆದುಕೊಂಡು ಹೋದರು. ಆಮೇಲೊಂದು ದಿನ ನಕಾಶೆ ತಂದು ಕೈಗಿಟ್ಟು, “ಸೈಟಿಗೆ ಬಂದಿದ್ದಕ್ಕ ಫೀಸ್ ಬ್ಯಾರೆ ಆಗ್ತದ್ರಿ” ಎಂದರು.

ಬಿಚ್ಚಿ ನೋಡಿದೆ. ಗೋಡೆ ನೋಡುವ ಆ ಕಿಟಕಿಯೂ ಅದರಲ್ಲಿ ನೀಟಾಗಿ ಕೂತಿತ್ತು. ಮೈಯೆಲ್ಲ ಉರಿಯಿತು.

“ಇದು ನಾ ಮಾಡಿದ ತಪ್ರೀ! ನಿಮ್ಮ ನಕಾಶೆದಾಗ ಹೆಂಗ ಬಂತು?”

ಅವರು ಕಿಟಕಿಯ ಕಡೆ ನೋಡಿದರು. ನಿಧಾನವಾಗಿ ಪೆನ್ನು ತೆಗೆದರು.

“ತಿದ್ದಿ ಕೊಡ್ತೀನ್ರಿ. ಅದರ ಫೀಸ್ ಬ್ಯಾರೆ.”