ಕನಾಜಾವಾದ ಕೊಳಕ್ಕೆ ಬಿದ್ದ ಲಿಂಗ

ಪವಾಡ ಎಂಬ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ, ಕಾರಣ ಮಾತ್ರ ಬೇರೆ. ಆಗ ಪವಾಡ ಹೇಳುವವರ ಮೇಲೆ ಸಿಟ್ಟಿತ್ತು. ಈಗ ನನ್ನ ಪಾಲಿಗೆ ಬಂದ ಪವಾಡದ ಮೇಲೆಯೇ ಸಿಟ್ಟು. ನೀವು ನಂಬಿ, ಬಿಡಿ, ನಡೆದದ್ದನ್ನು ಹೇಳಿಬಿಡುತ್ತೇನೆ.

ಎಂಬತ್ತರ ದಶಕದಲ್ಲಿ ನಾನು ಕೆಲಸಕ್ಕಿದ್ದ ಬಟ್ಟೆ ಗಿರಣಿಯವರು ಹೊಸ ಮಗ್ಗದ ಕೆಲಸ ಕಲಿತು ಬಾ ಎಂದು ನನ್ನನ್ನು ಜಪಾನಿನ ಕನಾಜಾವಾಕ್ಕೆ ಕಳಿಸಿದರು. ಕುಬಿಹಾಳದ ನಮ್ಮ ಮನೆಯಲ್ಲಿ ಅಪ್ಪನದು ಒಂದೇ ಮಾತು: "ಎಲ್ಲಿಗರ ಹೋಗು, ಕೊಳ್ಳಾಗಿನ ಲಿಂಗ ಮಾತ್ರ ತಗೀಬ್ಯಾಡ." ಹೊರಡುವ ದಿನ ಅಪ್ಪ ನಸುಕಿನಲ್ಲೇ ಹೊಲಕ್ಕೆ ಹೋಗಿದ್ದ. ಅವ್ವ ತಾನೇ ಹೊಸೆದ ಶಿವದಾರವನ್ನು ಲಿಂಗವಿದ್ದ ಬೆಳ್ಳಿ ಕರಡಿಗೆಗೆ ಪೋಣಿಸಿ ನನ್ನ ಕೊರಳಿಗೆ ಕಟ್ಟಿದಳು. ದೇವರ ಮೇಲೆ ನನಗೆ ಅಂಥ ನಂಬಿಕೆಯೇನೂ ಇರಲಿಲ್ಲ. ಅಪ್ಪನಿಗೆ ಕೊಟ್ಟ ಮಾತು ತಪ್ಪಬಾರದೆಂದು ಕಟ್ಟಿಸಿಕೊಂಡೆ.

ಕನಾಜಾವಾ ಇಶಿಕಾವಾ ಪ್ರಾಂತದ ರಾಜಧಾನಿ. ಮುನ್ನೂರು ವರ್ಷದ ಹತ್ತಿರ ಒಂದೇ ಮನೆತನ ಅದನ್ನು ಆಳಿತ್ತಂತೆ. ದೊರೆಯ ಸಿರಿತನವನ್ನು ಅಕ್ಕಿಯ ಲೆಕ್ಕದಲ್ಲಿ ಅಳೆಯುತ್ತಿದ್ದರಂತೆ. ಒಕ್ಕಲುತನದ ಮನೆಯ ನನಗೆ ಅದು ಹಿಡಿಸಿತು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬೀಳದ್ದರಿಂದ ಹಳೆಯ ಓಣಿಗಳು ಉಳಿದಿವೆ. ಸಮುರಾಯಿಗಳ ಮನೆಯ ಮಣ್ಣಿನ ಗೋಡೆಗಳಿಗೆ ಚಳಿಗಾಲದಲ್ಲಿ ಹುಲ್ಲಿನ ಚಾಪೆ ಹೊದಿಸುತ್ತಾರೆ. ಬಂಗಾರವನ್ನು ಬಡಿದು ಬಡಿದು ಉಸಿರಿಗೆ ಹಾರುವಷ್ಟು ತೆಳು ಮಾಡುತ್ತಾರೆ. ಕೋಟೆಯ ಎದುರಿಗೆ ಕೆನ್ರೊಕುಎನ್ ಎಂಬ ದೊಡ್ಡ ತೋಟ. ಹಿಮದ ಭಾರಕ್ಕೆ ಕೊಂಬೆ ಮುರಿಯದಿರಲೆಂದು ಮರದ ನಡುವೆ ಕಂಬ ನಿಲ್ಲಿಸಿ, ತುದಿಯಿಂದ ಹಗ್ಗ ಇಳಿಬಿಟ್ಟು ಒಂದೊಂದೇ ಕೊಂಬೆಯನ್ನು ಎತ್ತಿ ಕಟ್ಟಿದ್ದರು. ಮರಗಳಿಗೆ ಅಷ್ಟು ಮರುಗುವ ಜನರನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಅಲ್ಲಿರುವಾಗ ಅವ್ವನ ದಾರ ಹರಿಯಿತು. ನಾನು ಇಳಿದುಕೊಂಡಿದ್ದ ಮನೆಯ ಮುದುಕಿ ನೇರಳೆ ಬಣ್ಣದ, ಹೆಣೆದ ರೇಷ್ಮೆ ದಾರ ಕೊಟ್ಟಳು. ನೂಲಿಗೆ ಹಾಕುವ ಗಂಟನ್ನೇ ಅದಕ್ಕೂ ಹಾಕಿದೆ. ರೇಷ್ಮೆ ಜಾರುತ್ತದೆಂದು ಮಗ್ಗದ ಕೆಲಸದವನಿಗೆ ಹೊಳೆಯಬಾರದೇ? ಒಂದು ರವಿವಾರ ಮಧ್ಯಾಹ್ನ ಆ ತೋಟದ ಕೊಳದಂಚಿನಲ್ಲಿ ಬಗ್ಗಿ, ನೀರಿನಲ್ಲಿ ಕಾಲೂರಿ ನಿಂತ ಕಲ್ಲಿನ ದೀಪ ನೋಡುತ್ತಿದ್ದೆ. ಗಂಟು ಬಿಚ್ಚಿ ಕರಡಿಗೆ ದಾರ ಸಮೇತ ನೀರಿಗೆ ಬಿತ್ತು. ಬೂಟುಗಾಲಲ್ಲೇ ಇಳಿದು ಕೆಸರೆಲ್ಲ ತಡಕಾಡಿದೆ. ಕಾವಲುಗಾರ ಕೂಗಾಡಿ ನನ್ನನ್ನು ದಂಡೆಗೆ ಎಳೆದ. ಲಿಂಗ ಸಿಗಲಿಲ್ಲ.

ತಿಂಗಳ ಮೇಲೆ ಊರಿಗೆ ಬಂದವನು ಹೊಸ್ತಿಲು ದಾಟಿದ ಕೂಡಲೇ ಅಪ್ಪನಿಗೆ ಅದನ್ನೇ ಹೇಳಿದೆ. ಅಪ್ಪ ದೇವರ ಜಗಲಿಗೆ ಹೋಗಿ ಒಂದು ಕರಡಿಗೆ ತಂದು ನನ್ನ ಮುಖಕ್ಕೆ ಹಿಡಿದ.

"ಇದೇನಲೇ? ಜಗಲಿ ಮೂಲ್ಯಾಗ ಇದ್ದದ್ದು ಹೋದ ತಿಂಗಳ ನನ್ನ ಕಣ್ಣಿಗೆ ಬಿತ್ತು. ಮನ್ಯಾಗ ಬಿಟ್ಟ ಹೋಗಿ, ಕಳದೈತಿ ಅಂತ ಸುಳ್ಳ ಹೇಳ್ತಿ?"

ಕರಡಿಗೆ ನನ್ನದೇ. ಅಂಚಿನ ನೆಗ್ಗೂ ಅದೇ. ಅದಕ್ಕೆ ನೇರಳೆ ರೇಷ್ಮೆ ದಾರ.

"ಅಪ್ಪಾ, ಈ ದಾರ ಆ ಊರಾಗ ಕೊಟ್ಟದ್ದು!"

"ರೇಷ್ಮಿ ದಾರ ಹುಬ್ಬಳ್ಳ್ಯಾಗ ಸಿಗೂದಿಲ್ಲೇನು? ತಿನಬಾರದ್ದು ತಿನ್ನಾಕ ಲಿಂಗ ಬಿಚ್ಚಿಟ್ಟ ಹೋಗೀದಿ. ನನ್ನ ಪಂಕ್ತ್ಯಾಗ ಕೂಡಬ್ಯಾಡ."

ನಾನೂ ಬಾಯಿಗೆ ಬಂದಂತೆ ಕೂಗಾಡಿದೆ. ಶರಣರ ಪವಾಡ ಕೇಳಿ ಕಣ್ಣೀರಿಡುವ ಮನುಷ್ಯ ತನ್ನ ಜಗಲಿಯ ಮೇಲೆ ನಡೆದದ್ದನ್ನು ನಂಬಲೊಲ್ಲ! ನಂಬದ ನಾನು ಅದರ ಪರ ವಕೀಲಿ ಮಾಡುತ್ತಿದ್ದೇನೆ! ಸಾಕ್ಷಿಗೆ ಆ ಕಾವಲುಗಾರನನ್ನು ಕುಬಿಹಾಳಕ್ಕೆ ಕರೆತರಲಾದೀತೇ? ಕೊರಳಿಗೆ ಕಟ್ಟಿ ಕಳಿಸಿದ ಅವ್ವ ಬಾಗಿಲ ಬಾಜು ನಿಂತೇ ಇದ್ದಳು. ತುಟಿ ಬಿಚ್ಚಲಿಲ್ಲ. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅದಕ್ಕೆ.

ಅಡುಗೆಮನೆಗೆ ಹೋಗಿ ಕೇಳಿದೆ: "ಯವ್ವಾ, ನೀನ ಕಟ್ಟಿದ್ದಿ. ಹೇಳಾಕ ಏನಾಗಿತ್ತು?"

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. "ಹೋದ ತಿಂಗಳ ಒಂದ ರವಿವಾರ ಮುಂಜಾನಿ ಜಗಲಿ ಮ್ಯಾಗ ಕಂಡಾಗ ಅದರಿಂದ ನೀರ ಇಳೀತಿತ್ತೋ ಮಗನ. ನೀ ನೀರ ಪಾಲಾದಿ ಅಂತ ತಿಳದ್ನಿ. ಒರಿಸಿ ಅಲ್ಲೇ ಇಟ್ಟು, ತಿಂಗಳಪೂರ್ತಿ ಒಬ್ಬಾಕಿನ ನುಂಗಿಕೊಂಡ ಅತ್ತೀನಿ. ಈಗ ಜೀವಂತ ಬಂದೀದಿ. ಆ ಮಾತ ಮತ್ತ ನನ್ನ ಬಾಯಾಗ ತರಸಬ್ಯಾಡ."

ಅಲ್ಲಿಯ ಮಧ್ಯಾಹ್ನಕ್ಕೆ ನಮ್ಮೂರಲ್ಲಿ ಮುಂಜಾನೆ. ಲೆಕ್ಕ ಕೂಡಿತು, ಆದರೂ ಅವ್ವನ ಸಾಕ್ಷಿ ಕೇಳಲಿಲ್ಲ. ಅಪ್ಪ ಸಾಯುವ ತನಕ ನನ್ನ ಬಾಜು ಊಟಕ್ಕೆ ಕೂಡಲಿಲ್ಲ. ಲಿಂಗ ಹೇಗೆ ಬಂತೆಂದು ಇಂದಿಗೂ ನನಗೆ ತಿಳಿದಿಲ್ಲ. ಸಮುದ್ರ ದಾಟಿ ಬರುವ ಶಕ್ತಿ ಇದ್ದದ್ದಕ್ಕೆ, ಎರಡು ಮಾರು ದೂರದ ದಂಡೆಯ ಮೇಲೆ ಚಳಿಗೆ ನಡುಗುತ್ತ ಕೂತಿದ್ದ ನನ್ನ ಕೈಗೆ ಬರಲು ಏನು ಧಾಡಿಯಾಗಿತ್ತು?