ಬ್ಯಾರನ್ನಿನೊಳಗೆ ತಿರುಗಿದ ರೆಕಾರ್ಡು

ಮಾನ್ಯ ಓದುಗರಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಕೆಳಗೆ ವಿವರಿಸಿರುವ ಸಂಗತಿಯು ತೊಂಬತ್ತರ ದಶಕದ ಕೊನೆಯಲ್ಲಿ, ಹುಣಸೂರು ತಾಲ್ಲೂಕು ಗಾವಡಗೆರೆ ಸಮೀಪದ ಒಂದು ಹೊಲದಲ್ಲಿ, ನನ್ನ ಸಮಕ್ಷಮದಲ್ಲಿಯೇ ಜರುಗಿರುತ್ತದೆ. ಇದಕ್ಕೆ ಒಂದು ಮಾತನ್ನೂ ನಾನಾಗಿ ಸೇರಿಸಿರುವುದಿಲ್ಲ.

ನನ್ನ ಸ್ನೇಹಿತ ಶಿವಲಿಂಗನಿಗೂ ಅವನ ಅಣ್ಣ ಮಾದೇವಣ್ಣನಿಗೂ ಹಳೆಯ ಇಂಗ್ಲಿಷ್ ರಾಕ್ ರೆಕಾರ್ಡುಗಳ ಹುಚ್ಚು. ಮೈಸೂರಿನ ಗುಜರಿ ಅಂಗಡಿಗಳಲ್ಲಿ ಹುಡುಕಿ ಅಣ್ಣನೇ ತರುತ್ತಿದ್ದನು. ಹೊಗೆಸೊಪ್ಪು ಒಣಗಿಸುವ ಮುಚ್ಚಿದ ಕಟ್ಟಡವಾದ ಬ್ಯಾರನ್ನಿನ ಹೊರಬದಿಯ ಒಲೆಗೆ ರಾತ್ರಿಯಿಡೀ ಸೌದೆ ಹಾಕುತ್ತಾ ಕಾಯಬೇಕಾಗಿದ್ದರಿಂದ, ನಾವು ಮೂವರೂ ಪ್ಲೇಯರನ್ನು ಅಲ್ಲಿಗೇ ಒಯ್ದು ಕೇಳುತ್ತಿದ್ದೆವು.

ಒಮ್ಮೆ ಅಣ್ಣ ತನ್ನ ಅಚ್ಚುಮೆಚ್ಚಿನ ರೆಕಾರ್ಡನ್ನು ಬ್ಯಾರನ್ನಿನ ಬಿಸಿ ಗೋಡೆಗೆ ಒರಗಿಸಿ ಮರೆತನು. ಅದು ಸೊಟ್ಟಗಾಯಿತು. ಅಂದಿನಿಂದ, ಗಿಟಾರ್ ಏರುವ ಒಂದು ಜಾಗದಲ್ಲಿ ಮುಳ್ಳು ಟಕ್ ಎಂದು ಹಾರಿ, ಹಿಂದಕ್ಕೆ ಬಿದ್ದು, ಅದೇ ಸಾಲನ್ನು ಮತ್ತೆ ನುಡಿಸುತ್ತಿತ್ತು.

ಮರುವರ್ಷ ಜ್ವರ ಬಂದು ಅಣ್ಣ ತೀರಿಕೊಂಡನು. ಸತ್ತವರಿಗೆ ಪ್ರಿಯವಾದದ್ದನ್ನು ಗುಂಡಿಯಲ್ಲಿ ಜೊತೆಗಿಡುವುದು ಅವರ ಮನೆಯ ವಾಡಿಕೆ. ಆ ಸೊಟ್ಟ ರೆಕಾರ್ಡನ್ನು ಶಿವಲಿಂಗನೇ ಅಣ್ಣನ ಎದೆಯ ಮೇಲಿಟ್ಟನು. ಅದರ ಮೇಲೆ ಮಣ್ಣು ಬಿದ್ದ ಸದ್ದನ್ನು ನಾನು ಖುದ್ದಾಗಿ ಕೇಳಿರುತ್ತೇನೆ.

ಆ ಸಲದ ಕಾವಲಿಗೆ ನಾವಿಬ್ಬರೇ. ಬೇರೊಂದು ರೆಕಾರ್ಡು ತಿರುಗುತ್ತಿತ್ತು.

"ಇದೇನ್ಲಾ, ತಗಡು ಬಡ್ದಂಗೆ ಬಡೀತಾವ್ನೆ," ಎಂದೆನು.

"ಸುಮ್ನೆ ಕೇಳ್ಲಾ. ನಿನ್ ಕಿವಿಗೆ ಡ್ರಮ್ಮೂ ಒಂದೇ, ತಮಟೇನೂ ಒಂದೇ," ಎಂದು ಶಿವಲಿಂಗ ನಕ್ಕನು.

ಅಷ್ಟರಲ್ಲಿ ಕರೆಂಟು ಹೋಯಿತು. ರೆಕಾರ್ಡು ನಿಧಾನವಾಗಿ ನಿಂತಿತು. ಒಲೆಯ ಕೆಂಪು ಬೆಳಕು, ಸೊಪ್ಪಿನ ಸಿಹಿಯಾದ ಘಾಟು...

ಆಗ, ಮುಚ್ಚಿದ ಬ್ಯಾರನ್ನಿನ ಒಳಗಿನಿಂದ ಗಿಟಾರ್ ಕೇಳಿಸಿತು.

ಸಣ್ಣಗೆ... ಏರುತ್ತಾ... ಟಕ್. ಮತ್ತೆ ಅದೇ ಸಾಲು. ಟಕ್.

"ಅಣ್ಣ ಕಣ್ಲಾ," ಎಂದು ಶಿವಲಿಂಗ ಎದ್ದನು.

"ಕದ ತೆಗೀಬ್ಯಾಡ ಕಣೋ. ಕಾವು ಏರ್ಯದೆ. ಒಳೀಕೋದ್ರೆ ಜೀವ ಉಳಿಯಾಕಿಲ್ಲ."

"ಕರೀತಾವ್ನೆ, ಬುಡು."

ನಾನು ಅವನ ಸೊಂಟವನ್ನು ತಬ್ಬಿ ಹಿಡಿದೆನು. ಅವನು ಕೊಡವಿಕೊಂಡು ಚಿಲಕ ತೆಗೆದನು. ಬೆಂಕಿಯಂಥ ಗಾಳಿ ಮುಖಕ್ಕೆ ರಾಚಿತು. ನಾನು ಕಣ್ಣು ಬಿಡುವಷ್ಟರಲ್ಲಿ ಅವನು ಒಳಗೆ ಹೋಗಿಯಾಗಿತ್ತು. ಕೂಗಿದೆನು. ಕತ್ತಲೆಯಲ್ಲಿ ಅದೇ ಸಾಲು... ಟಕ್... ನಾನು ಹೊಸ್ತಿಲು ದಾಟಲಿಲ್ಲ.

ಹಾಡು ನಡುವೆಯೇ ನಿಂತಿತು. ಶಿವಲಿಂಗ ಹಿಮ್ಮುಖವಾಗಿ ಹಾರಿ ಬಂದು ನನ್ನ ಮೇಲೆ ಬಿದ್ದನು. ಕದ ತಾನಾಗಿ ಮುಚ್ಚಿಕೊಂಡಿತು.

ಅವನ ಅಂಗಿಯ ಎದೆಭಾಗದಲ್ಲಿ ಎರಡು ಅಂಗೈಗಳ ಅಚ್ಚಿನಂತೆ ಹಸಿ ಮಣ್ಣು ಮೆತ್ತಿತ್ತು. ಮುಟ್ಟಿದೆನು. ತಣ್ಣಗಿತ್ತು.

"ಅಣ್ಣ ನೂಕ್ದ ಕಣ್ಲಾ," ಎಂದು ಅವನು ಅತ್ತನು. "ಓಗು ಅಂತ ನೂಕ್ದ."

ಕದ ಮುಚ್ಚಿದ ಮೇಲೆಯೂ ಒಳಗೆ ಸೊಪ್ಪು ಕಟ್ಟಿದ ಕೋಲುಗಳು ಒಂದೊಂದಾಗಿ ಕಳಚಿ ಬೀಳುತ್ತಿದ್ದವು... ಇಬ್ಬರು ತೆಕ್ಕೆಬಿದ್ದು ಸೆಣಸುತ್ತಿರುವಂತೆ.

ಅಣ್ಣನೇ ತನ್ನನ್ನು ಉಳಿಸಿದನೆಂದು ಶಿವಲಿಂಗ ಇಂದಿಗೂ ಸಮಾಧಾನದಿಂದಿದ್ದಾನೆ. ಅದು ನಿಜವೂ ಇರಬಹುದು. ಆದರೆ ನೂಕಿದವನು ಅಣ್ಣನೇ ಆಗಿದ್ದ ಪಕ್ಷದಲ್ಲಿ, ಅಣ್ಣನ ರೆಕಾರ್ಡು ಹಾಕಿ ಅವನನ್ನು ಒಳಗೆ ಕರೆದವರು ಯಾರೆಂಬುದು ನನಗೆ ಈವರೆಗೂ ತಿಳಿದುಬಂದಿರುವುದಿಲ್ಲ.