ಮಾಮಾನ ತಂಬಿಗೆ

ಹನ್ನೂರಿನ ನಮ್ಮ ನೆರೆಮನೆಯ ಮಾಮಾ ಕುರಿ ಕಾಯುವುದರ ಜೊತೆಗೆ ಊರವರ ಹೊಟ್ಟೆನೋವನ್ನೂ ನೋಡುತ್ತಿದ್ದರು. ಯಾರೇ ಬರಲಿ, ಹೆಬ್ಬೆರಳಿನಿಂದ ಹೊಟ್ಟೆ ಒತ್ತಿ, "ಏನಿಲ್ಲ, ಹೊಕ್ಕಳ ಸರಿದೈತಿ ಅಷ್ಟ" ಎನ್ನುವರು. ಹೊಕ್ಕುಳ ಮೇಲೆ ಹಣತೆ ಹಚ್ಚಿಟ್ಟು ತಂಬಿಗೆ ಬೋರಲು ಹಾಕಿದರೆ ದೀಪ ಆರಿ, ಹೊಟ್ಟೆ ಅದರೊಳಕ್ಕೆ ಜಗ್ಗುತ್ತಿತ್ತು. ತಮ್ಮ ಹೊಟ್ಟೆನೋವಿಗೂ ಹನ್ನೆರಡು ವರ್ಷ ಇದನ್ನೇ ಮಾಡಿಕೊಂಡರು.

ಕೊನೆಗೆ ರಕ್ತ ಕಾರಿಕೊಂಡಾಗ ಸೋಲಾಪುರದ ಡಾಕ್ಟರು ನೋಡಿ, ಹೊಟ್ಟೆಯೊಳಗೆ ಹಳೆಯ ಹುಣ್ಣಿದೆ, ಇನ್ನು ಬದುಕಿರುವತನಕ ಖಾರ ಮುಟ್ಟಬೇಡಿ ಎಂದರು. ಅಂದಿನಿಂದ ಮಾಮಾನಿಗೆ ಹಾಲು, ಗಂಜಿ, ಮೂಗಿನ ತುದಿಯಲ್ಲೇ ಸಿಟ್ಟು. ಹೊಟ್ಟೆ ಹಿಡಿದುಕೊಂಡು ಬಂದವರನ್ನೆಲ್ಲ "ಸೋಲಾಪುರಕ್ಕ ಹೋಗ್ರಿ" ಎಂದು ಗದರಿಸುವರು. ಒಬ್ಬರಾದರೂ ಹೋದರೆ ಕೇಳಿ!

ನಮ್ಮ ಅವ್ವನಿಗೂ ತಿಂಗಳಿಂದ ಹೊಟ್ಟೆನೋವಿತ್ತು. ನಾನು ಹೇಳಿ ಹೇಳಿ ಸಾಕಾದೆ. ಅವಳು ತಂಬಿಗೆ ಹಿಡಿದು ನೇರ ಮಾಮಾನ ಬಾಗಿಲಿಗೇ ಹೋದಳು. ಮಾಮಾ ಅದನ್ನು ಕಿತ್ತು ಅಂಗಳಕ್ಕೆ ಎಸೆದರು.

"ನನ್ನ ಗತಿ ಕಣ್ಣಿಗೆ ಕಾಣಾಂಗಿಲ್ಲೇನು ತಂಗಿ? ನಾಳಿ ಗಾಡಿ ಹೂಡ್ತೀನಿ, ದವಾಖಾನಿಗೆ ನಡಿ!"

ಅವ್ವ ತಂಬಿಗೆ ಎತ್ತಿಕೊಂಡು, ಸೆರಗಿನಿಂದ ಧೂಳು ಒರೆಸಿ, ಮಾಮಾನನ್ನೇ ಸಮಾಧಾನ ಮಾಡಿದಳು.

"ಯಾಕಿಷ್ಟು ಗಾಬರಿ ಆಗ್ತಿ ಅಣ್ಣಾ? ಏನಿಲ್ಲ, ಹೊಕ್ಕಳ ಸರಿದೈತಿ ಅಷ್ಟ."